ಕುಡಿದವನು ಗುದ್ದಿದರೆ ಬಡಿಸಿದವನ ಪಾಲೆಷ್ಟು?

ಪ್ರಶ್ನೆ: ನಾನು ಬಾರ್ ಕೌಂಟರ್‌ನಲ್ಲಿ ಕೆಲಸ ಮಾಡುವವನು. ಕುಡಿದು ಹೊರಟ ಗಿರಾಕಿ ದಾರಿಯಲ್ಲಿ ಯಾರಿಗಾದರೂ ಗುದ್ದಿದರೆ, ಗ್ಲಾಸು ತುಂಬಿಸಿ ಕೊಟ್ಟವನನ್ನೂ ಹೊಣೆ ಮಾಡಬೇಕು ಅಂತ ಪರಿಚಯದವರೊಬ್ಬರು ವಾದ ಮಾಡಿದರು. ಕುಡಿದದ್ದು ಅವನು, ಓಡಿಸಿದ್ದೂ ಅವನೇ. ನಾನೇನು ಅವನ ಬಾಯಿಗೆ ಸುರಿದೆನಾ? ಇದು ನ್ಯಾಯವೇ ಸರ್? ಹೊಣೆ ಇದೆ ಅಂತಾದರೆ ನನ್ನಂಥವರು ಮಾಡಬೇಕಾದ್ದೇನು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಅಮಲೇರಿದ್ದು ಕಣ್ಣಿಗೆ ಕಾಣುತ್ತಿದ್ದರೂ, ಗಾಡಿಯಲ್ಲೇ ಹೋಗುತ್ತಾನೆ ಅಂತ ಗೊತ್ತಿದ್ದರೂ ಮತ್ತೆ ಸುರಿದು ಕೊಟ್ಟರೆ ಹೊಣೆ ಇರಲೇಬೇಕು. ಆದರೆ ಆ ಹೊಣೆಯ ದೊಡ್ಡ ಪಾಲು ಬೀಳಬೇಕಾದ್ದು ಬಾರಿನ ಮಾಲೀಕರ ಮೇಲೆ, ಸಂಬಳಕ್ಕೆ ನಿಂತ ನಿಮ್ಮ ಮೇಲಲ್ಲ. ಇದರಿಂದ ಓಡಿಸಿದವನ ಹೊಣೆ ಗುಲಗಂಜಿಯಷ್ಟೂ ಕಡಿಮೆಯಾಗಬಾರದು. ಅವನು ಮೊದಲ ತಪ್ಪಿತಸ್ಥ, ಕೊನೆವರೆಗೂ ಮೊದಲ ತಪ್ಪಿತಸ್ಥ.

'ನಾನೇನು ಬಾಯಿಗೆ ಸುರಿದೆನಾ' ಅಂದಿರಲ್ಲ, ಆ ವಾದವನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಇಂಗ್ಲಿಷ್ ಕಾನೂನಿನ ಪರಂಪರೆಯ ನ್ಯಾಯಾಲಯಗಳು ಬಹಳ ಕಾಲ ಹೇಳುತ್ತಿದ್ದದ್ದು ಅದನ್ನೇ. ಅನಾಹುತಕ್ಕೆ ಕಾರಣ ಕುಡಿದದ್ದು, ಮಾರಿದ್ದಲ್ಲ. ಕುಡಿಯುವ ತೀರ್ಮಾನ ಗಿರಾಕಿಯದು. ಹಾಗಾಗಿ ಮಾರಿದವನನ್ನು ಕೇಳುವಂತಿಲ್ಲ. ಲೆಕ್ಕ ಅಲ್ಲಿಗೆ ಚುಕ್ತಾ.

ಈ ಲೆಕ್ಕವನ್ನು ಮೊದಲು ಕೆದಕಿದ್ದು ಅಮೆರಿಕದ ರಾಜ್ಯಗಳು, ಅದೂ ಕಾರು ಹುಟ್ಟುವ ಎಷ್ಟೋ ಮೊದಲು. ವಿಸ್ಕಾನ್ಸಿನ್ ರಾಜ್ಯ 1849ರಲ್ಲೇ ಇಂಥ ಕಾನೂನು ತಂದಿತ್ತು. ಆಗ ಕಣ್ಣ ಮುಂದಿದ್ದದ್ದು ರಸ್ತೆ ಅಪಘಾತವಲ್ಲ. ಗಂಡ ದುಡಿದದ್ದನ್ನೆಲ್ಲ ಸಾರಾಯಿಗೆ ಸುರಿದು, ಹೆಂಡತಿ ಮಕ್ಕಳು ಬೀದಿಗೆ ಬಿದ್ದ ಸಂಸಾರಗಳು. ಆ ನಷ್ಟವನ್ನು ಮಾರಿದವನೂ ಹೊರಲಿ ಅನ್ನುವುದು ಉದ್ದೇಶ. 1933ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಮುಗಿದ ಮೇಲೆ ಹಲವು ರಾಜ್ಯಗಳು ಇಂಥ ಕಾನೂನುಗಳನ್ನು ಕೈಬಿಟ್ಟವು. ಅಷ್ಟರಲ್ಲಿ ರಸ್ತೆ ತುಂಬ ಕಾರುಗಳು ಬಂದಿದ್ದವು. ಕುಡಿದವನ ತಪ್ಪಿಗೆ ಗುರುತು ಪರಿಚಯವೇ ಇಲ್ಲದವರು ಸಾಯತೊಡಗಿದರು. 1959ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಹಳೇ ನಿಯಮವನ್ನು ಮುರಿಯಿತು. ವಯಸ್ಸಾಗದ ಹುಡುಗನಿಗೆ ಕುಡಿಯಲು ಕೊಟ್ಟ ಬಾರುಗಳು, ಅವನು ಕಾರು ಗುದ್ದಿ ಒಬ್ಬರನ್ನು ಸಾಯಿಸಿದ್ದಕ್ಕೆ ಉತ್ತರ ಕೊಡಬೇಕಾಗಬಹುದು ಎಂದಿತು. ಮಾರುವಾಗಲೇ ಇಂಥದ್ದು ಆದೀತು ಅಂತ ಊಹಿಸಲು ಸಾಧ್ಯವಿತ್ತು ಅಲ್ವಾ, ಅನ್ನುವುದು ಅದರ ತರ್ಕ.

'ಊಹಿಸಲು ಸಾಧ್ಯವಿತ್ತು' ಎಂದರೆ ಏನು ಅನ್ನುವುದಕ್ಕೆ ಕ್ಯಾಲಿಫೋರ್ನಿಯಾದ 1971ರ ಒಂದು ತೀರ್ಪು ನೋಡಿ. ಬೆಟ್ಟದ ತುದಿ ಹತ್ತಿರ ಒಂದು ಬಾರು. ಕೆಳಗಿಳಿಯಲು ಇದ್ದದ್ದು ಕಡಿದಾದ, ಇಕ್ಕಟ್ಟಿನ, ತಿರುವುಗಳ ರಸ್ತೆ. ಮಾಲೀಕ ರಾತ್ರಿ ಹತ್ತರಿಂದ ಬೆಳಗಿನ ಜಾವ ಐದು ದಾಟುವವರೆಗೆ ಒಬ್ಬ ಗಿರಾಕಿಗೆ ಕೊಡುತ್ತಲೇ ಇದ್ದ. ಬಾರು ಮುಚ್ಚಬೇಕಾದ ಹೊತ್ತು ಯಾವಾಗಲೋ ಮೀರಿತ್ತು. ಇವನು ಅಮಲಿನಲ್ಲಿದ್ದಾನೆ, ಇದೇ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಹೋಗುತ್ತಾನೆ ಅಂತ ಮಾಲೀಕನಿಗೆ ಗೊತ್ತಿತ್ತು ಅನ್ನುವುದು ಗಾಯಗೊಂಡವನ ದೂರು. ಇಳಿಯುವಾಗ ಕಾರು ಎದುರಿನ ಲೇನಿಗೆ ನುಗ್ಗಿ ಅವನಿಗೆ ಗುದ್ದಿತ್ತು. ಇಂಥ ದೂರು ನಿಲ್ಲುತ್ತದೆ, ಮಾರಿದವನು ಉತ್ತರ ಹೇಳಬೇಕು ಎಂದಿತು ಅಲ್ಲಿನ ಸುಪ್ರೀಂ ಕೋರ್ಟ್. ಆ ಬೆಟ್ಟದ ಮೇಲೆ ಕೂತು 'ಅವನು ಹೇಗೆ ಹೋಗುತ್ತಾನೋ ನನಗೇನು ಗೊತ್ತು' ಅನ್ನಲು ಯಾರಿಗೆ ತಾನೇ ಬಾಯಿ ಬರುತ್ತದೆ?

ಆದರೆ ಅದೇ ಕ್ಯಾಲಿಫೋರ್ನಿಯಾ 1978ರಲ್ಲಿ ಉಲ್ಟಾ ಹೊಡೆಯಿತು. ಅಲ್ಲಿನ ಶಾಸನಸಭೆ ಕಾನೂನು ಮಾಡಿ ಹಳೇ ನಿಯಮವನ್ನೇ ವಾಪಸ್ ತಂದಿತು. ಈಗ ಅಲ್ಲಿ ಹೆಚ್ಚುಕಮ್ಮಿ ಒಂದೇ ಒಂದು ವಿನಾಯಿತಿ: ಎದ್ದು ಕಾಣುವಷ್ಟು ಅಮಲೇರಿದ, ವಯಸ್ಸಾಗದವರಿಗೆ ಕೊಟ್ಟರೆ ಮಾತ್ರ ಹೊಣೆ. ನಿಮ್ಮ ಪ್ರಶ್ನೆಗೆ ಜಗತ್ತಿನಲ್ಲಿ ಒಂದೇ ಉತ್ತರ ಇಲ್ಲ. ನೀವಿರುವ ಕಡೆಯ ಕಾನೂನನ್ನು ಅಲ್ಲಿನ ವಕೀಲರನ್ನೇ ಕೇಳಬೇಕು. ನಾನು ಹೇಳುತ್ತಿರುವುದು ಯಾವುದು ನ್ಯಾಯ ಅನ್ನುವ ಬಗ್ಗೆ.

ನ್ಯಾಯದ ಲೆಕ್ಕದಲ್ಲಿ ಎರಡು ಬೇರೆ ಬೇರೆ ಜನರನ್ನು ನಾವು ಸುಮ್ನೆ ಒಂದೇ ಕಡೆ ಕಟ್ಟಿಬಿಡುತ್ತೇವೆ. ಒಬ್ಬ ಕುಡಿದವನು. ಇನ್ನೊಬ್ಬರು ಅವನ ಗಾಡಿಗೆ ಸಿಕ್ಕವರು.

ಕುಡಿದವನ ವಿಷಯಕ್ಕೆ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ನಡೆದದ್ದನ್ನು ಹೇಳಬೇಕು. 2002ರ ಜನವರಿ. ಒಬ್ಬಾತ ಕೆಲಸ ಮುಗಿಸಿ ಬೈಕಿನಲ್ಲಿ ಬಾರಿಗೆ ಬಂದ. ಪೊಲೀಸ್ ತಪಾಸಣೆ ಇದೆ ಅನ್ನುವ ಸುದ್ದಿ ಕಿವಿಗೆ ಬಿದ್ದದ್ದರಿಂದ ಬೈಕನ್ನು ಬಾರಿನ ಕೋಣೆಯೊಂದರಲ್ಲಿ ಇಡಿಸಿದ, ಕೀ ಬಾರಿನವರ ಕೈಗೆ ಹೋಯಿತು. ಹೆಂಡತಿ ಬಂದು ಕರೆದೊಯ್ಯುತ್ತಾಳೆ ಅಂತ ಮಾತಾಗಿತ್ತು. ಕುಡಿಯುತ್ತಾ ಕುಡಿಯುತ್ತಾ ಮನಸ್ಸು ಬದಲಾಯಿತು. ಬಾರಿನವನು 'ಹೆಂಡತಿಗೆ ಫೋನ್ ಮಾಡಲಾ, ನಂಬರ್ ಕೊಡು' ಅಂದಾಗ ಬೈದು ಬಾಯಿ ಮುಚ್ಚಿಸಿದ. ಆಮೇಲೆ ಬೈಕ್ ಕೊಡು ಅಂದ. ಓಡಿಸಲು ಆಗುತ್ತಾ ಅಂತ ಬಾರಿನವನು ಮೂರು ಸಲ ಕೇಳಿದ. ಆಗುತ್ತದೆ ಅಂದ. ಕೀ ಕೊಟ್ಟ. ದಾರಿಯಲ್ಲಿ ಬೈಕ್ ಸೇತುವೆಗೆ ಬಡಿದು ಆತ ತೀರಿಕೊಂಡ. ಅವನ ರಕ್ತದಲ್ಲಿ 100 ಮಿಲಿಗೆ 253 ಮಿಲಿಗ್ರಾಂ ಮದ್ಯಸಾರ ಇತ್ತು.

ಮೇಲ್ಮನವಿಯಲ್ಲಿ ಆ ರಾಜ್ಯದ ನ್ಯಾಯಾಲಯ ಹೆಂಡತಿಯ ಪರ ನಿಂತಿತ್ತು. ಆದರೆ 2009ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಬಾರಿನ ಮೇಲೆ ಹೊಣೆ ಇಲ್ಲ ಎಂದಿತು. ಬೈಕ್ ತಂದು ಇಡಿಸಿದವನು ಅವನೇ, ಅವನೇ ವಾಪಸ್ ಕೇಳಿದರೆ ಇಟ್ಟುಕೊಳ್ಳಲು ಬಾರಿನವನಿಗೆ ಯಾವ ಅಧಿಕಾರ? ಕೊಡುವುದಿಲ್ಲ ಅಂತ ಕೈಕೈ ಮಿಲಾಯಿಸಬೇಕಿತ್ತಾ? ದೊಡ್ಡವರು ಎಷ್ಟು ಕುಡಿಯಬೇಕು ಅನ್ನುವುದು ಅವರವರ ತೀರ್ಮಾನ, ಅದಕ್ಕೆ ಮಾರಿದವನು ಕಾವಲುಗಾರನಲ್ಲ ಎಂಬುದು ತೀರ್ಪಿನ ತಿರುಳು. ಕುಡಿದವನ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಅದು ಬೇರೆ ಮಾತು.

ಕೆನಡಾ ಇದಕ್ಕೆ ಒಪ್ಪುವುದಿಲ್ಲ. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ನಯಾಗರಾ ಫಾಲ್ಸ್‌ನ ಒಂದು ಹೋಟೆಲಿನ ಪ್ರಕರಣ. ಆ ಗಿರಾಕಿಯ ಕುಡಿತದ ಚಾಳಿ ಹೋಟೆಲಿನವರಿಗೆ ಚೆನ್ನಾಗಿ ಗೊತ್ತಿತ್ತು. ಜವಾಬ್ದಾರಿ ಇರುವವರು ಜೊತೆಗಿಲ್ಲದೆ ಅವನಿಗೆ ಕೊಡಬೇಡಿ ಅಂತ ಕೆಲಸದವರಿಗೆ ಹೇಳಿಯೂ ಇತ್ತು. ಆದರೂ ಕೊಟ್ಟರು. ಅವನ ಕಾಟ ಜಾಸ್ತಿಯಾದಾಗ ರಾತ್ರಿ ಹೊತ್ತು ಹೆದ್ದಾರಿ ಪಕ್ಕಕ್ಕೆ ಹೊರಹಾಕಿದರು. ಅವನು ಕತ್ತಲಲ್ಲಿ ನಡೆದು ಹೋಗುತ್ತಿರುವಾಗ ಕಾರು ಗುದ್ದಿತು. ನ್ಯಾಯಾಲಯ ಹೊಣೆಯನ್ನು ಮೂರು ಪಾಲು ಮಾಡಿತು: ಮೂರನೇ ಒಂದು ಕುಡಿದವನಿಗೆ, ಮೂರನೇ ಒಂದು ಕಾರಿನವನಿಗೆ, ಮೂರನೇ ಒಂದು ಹೋಟೆಲಿಗೆ. ನನಗೆ ಈ ಪಾಲು ಮಾಡುವ ದಾರಿ ತುಂಬ ಹಿಡಿಸುತ್ತದೆ. ಒಬ್ಬನನ್ನು ಪೂರ್ತಿ ಬಿಟ್ಟು ಇನ್ನೊಬ್ಬನನ್ನು ಪೂರ್ತಿ ಹಿಡಿಯಬೇಕು ಅನ್ನುವ ಹಠ ಇದರಲ್ಲಿಲ್ಲ.

ಇನ್ನು ಗಾಡಿಗೆ ಸಿಕ್ಕವರು. ರಸ್ತೆ ದಾಟುತ್ತಿದ್ದ ಮಗು ಏನನ್ನೂ ಕುಡಿದಿರಲಿಲ್ಲ, ಯಾವ ತೀರ್ಮಾನವನ್ನೂ ಮಾಡಿರಲಿಲ್ಲ. 'ಅವನಿಷ್ಟ, ಅವನು ಕುಡಿದ' ಅನ್ನುವ ಮಾತು ಬಾರಿಗೂ ಗಿರಾಕಿಗೂ ನಡುವೆ ನಡೆಯುತ್ತದೆ. ಬಾರಿಗೂ ಆ ಮಗುವಿಗೂ ನಡುವೆ ನಡೆಯುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಆ ಮಗುವಿಗೆ ಜಾಗವೇ ಇಲ್ಲ, ಗಮನಿಸಿದಿರಾ? ಕುಡಿದವನು, ಓಡಿಸಿದವನು, ನೀವು, ಇಷ್ಟೇ ಜನ. ಅಮೆರಿಕವೊಂದರಲ್ಲೇ 2022ರಲ್ಲಿ ಕುಡಿದ ಚಾಲಕರ ಅಪಘಾತಗಳಲ್ಲಿ ಸತ್ತವರು 13,524 ಮಂದಿ. ಅದರಲ್ಲಿ ಸ್ವತಃ ಕುಡಿದವರು ಜಾಸ್ತಿ, ನಿಜ. ಆದರೆ ಪಕ್ಕದ ಸೀಟಿನವರು, ಎದುರಿಂದ ಬಂದವರು, ನಡೆದು ಹೋಗುತ್ತಿದ್ದವರೂ ಸಾವಿರಾರು.

ಹಾಗಾದರೆ ನೀವು ಯಾವುದಕ್ಕೆ ಉತ್ತರ ಹೇಳಬೇಕು? ನಿಮಗೆ ಕಂಡದ್ದಕ್ಕೆ, ಮತ್ತು ಕಾಣಬೇಕಾಗಿದ್ದದ್ದಕ್ಕೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಕಾನೂನು ಬರೆಯುವವರು ತಪ್ಪುವುದೇ ಇಲ್ಲಿ.

ಲೆಕ್ಕ ಹಾಕೋಣ. ಸುಮಾರು 70 ಕೆ.ಜಿ. ತೂಕದ ಗಂಡಸು ಎರಡು ಗಂಟೆಯಲ್ಲಿ 60 ಮಿಲಿಯ ನಾಲ್ಕು ಪೆಗ್ ವಿಸ್ಕಿ ಕುಡಿದ ಅಂದುಕೊಳ್ಳಿ. ಒಂದೊಂದರಲ್ಲೂ ಸುಮಾರು 20 ಗ್ರಾಂ ಮದ್ಯಸಾರ. ಎಲ್ಲ ರಕ್ತಕ್ಕೆ ಸೇರಿದಾಗ 100 ಮಿಲಿಗೆ ಹೆಚ್ಚುಕಮ್ಮಿ 140 ಮಿಲಿಗ್ರಾಂ ಆಗುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಚಾಲಕನಿಗೆ ಮಿತಿ 80, ಬಹಳಷ್ಟು ದೇಶಗಳಲ್ಲಿ 50. ಲಿವರ್ ಇದನ್ನು ಗಂಟೆಗೆ ಸುಮಾರು 15ರಂತೆ ಮಾತ್ರ ಇಳಿಸುತ್ತದೆ. ಹಾಗಾಗಿ ಇವನು 80ಕ್ಕೆ ಬರಲು ಇನ್ನೂ ನಾಲ್ಕು ಗಂಟೆ ಬೇಕು, ಪೂರ್ತಿ ಇಳಿಯಲು ಒಂಬತ್ತು ಗಂಟೆ. ಕಾಫಿ, ನಿಂಬೆರಸ, ತಣ್ಣೀರು ಯಾವುದೂ ಇದನ್ನು ಬೇಗ ಮಾಡುವುದಿಲ್ಲ. ಇನ್ನೊಂದು ಅಪಾಯ ಇದೆ. ಕೊನೆಯ ಗುಟುಕು ಕುಡಿದ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೂ ರಕ್ತದಲ್ಲಿ ಮದ್ಯ ಏರುತ್ತಲೇ ಇರಬಹುದು. ಗಟಗಟನೆ ಕೊನೆಯದನ್ನು ಮುಗಿಸಿ ಬಿಲ್ ಕೊಟ್ಟು ಎದ್ದವನು ನಿಮ್ಮ ಬಾಗಿಲಲ್ಲಿ ನೆಟ್ಟಗೇ ನಡೆಯುತ್ತಾನೆ. ಅಮಲು ಏರುವುದು ಸ್ಟೇರಿಂಗ್ ಹಿಡಿದ ಮೇಲೆ.

ಮೇಲಾಗಿ, ದಿನಾ ಕುಡಿಯುವವರ ಮೈ ಅದಕ್ಕೆ ಪಳಗಿರುತ್ತದೆ. 150 ದಾಟಿದರೂ ನಾಲಿಗೆ ತೊದಲುವುದಿಲ್ಲ, ಕಾಲು ತಡವರಿಸುವುದಿಲ್ಲ. ಆದರೆ ಬ್ರೇಕ್ ಒತ್ತುವ ಚುರುಕು ಹೋಗಿರುತ್ತದೆ. ಅಪರಿಚಿತ ವ್ಯಕ್ತಿ ಎಷ್ಟು ಕುಡಿದಿದ್ದಾನೆ ಅಂತ ನೋಡಿಯೇ ಹೇಳಿ ಅಂದಾಗ ಬಾರಿನವರು, ಕೊನೆಗೆ ಪೊಲೀಸರೂ ಎಡವುತ್ತಾರೆ ಅನ್ನುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗಾಗಿ 'ನಿನ್ನ ಗಿರಾಕಿ ಮಿತಿ ಮೀರಿದ್ದ, ನೀನು ಹೊಣೆ' ಅನ್ನುವ ಕಾನೂನನ್ನು ನಾನು ಒಪ್ಪುವುದಿಲ್ಲ. ನಿಮ್ಮ ಕಣ್ಣಲ್ಲಿ ರಕ್ತಪರೀಕ್ಷೆಯ ಯಂತ್ರ ಇಲ್ಲ. ಟೆಕ್ಸಾಸ್ ಕಾನೂನು ಅದಕ್ಕೇ ಎತ್ತರದ ಗೆರೆ ಎಳೆದಿದೆ: ತನಗೂ ಬೇರೆಯವರಿಗೂ ಅಪಾಯ ಅನ್ನುವುದು ಸ್ಪಷ್ಟವಾಗಿ ಕಾಣುವಷ್ಟು ಅಮಲೇರಿರಬೇಕು, ಅದು ಕೊಟ್ಟವನಿಗೆ ಗೋಚರವಾಗಿರಬೇಕು.

ಈ ಕಡೆ ಇನ್ನೊಂದು ಸತ್ಯವೂ ಇದೆ, ಅದನ್ನು ನೀವೂ ಒಪ್ಪುತ್ತೀರಿ ಅಂದುಕೊಳ್ಳುತ್ತೇನೆ. ಕಾಣದೇ ಕೊಡುವುದಕ್ಕಿಂತ ಕಂಡೂ ಕೊಡುವುದು ಜಾಸ್ತಿ. ತೂರಾಡುವ, ತೊದಲುವ ನಟರನ್ನು ಬಾರುಗಳಿಗೆ ಕಳಿಸಿ ನೋಡಿದ ಅಧ್ಯಯನಗಳಿವೆ. ಹೆಚ್ಚಿನ ಕಡೆ ಅವರಿಗೆ ಇನ್ನೊಂದು ಗ್ಲಾಸು ಸಿಕ್ಕಿತು. ಅಲ್ಲಿ ಗುರುತಿಸುವುದು ಕಷ್ಟ ಇರಲೇ ಇಲ್ಲ. ಬೇಡ ಅನ್ನುವುದು ಕಷ್ಟವಾಗಿತ್ತು. ಮತ್ತೆ, ಕಣ್ಣು ಮೋಸ ಮಾಡಿದರೂ ಬಿಲ್ ಮೋಸ ಮಾಡುವುದಿಲ್ಲ. ಯಾವ ಟೇಬಲ್ಲಿಗೆ ಎಷ್ಟು ಹೋಯಿತು, ಎಷ್ಟು ಹೊತ್ತಿನಲ್ಲಿ ಹೋಯಿತು ಅನ್ನುವುದು ಬರೆದಿರುತ್ತದೆ. ಎರಡು ಗಂಟೆಗೆ ಎಂಟು ಪೆಗ್ ಒಬ್ಬನೇ ಕುಡಿದಿದ್ದರೆ, ಅವನು ಎಷ್ಟೇ ನೆಟ್ಟಗೆ ಕೂತಿರಲಿ, 'ನನಗೆ ಗೊತ್ತಾಗಲಿಲ್ಲ' ಅನ್ನುವ ಮಾತಿಗೆ ಬೆಲೆ ಇಲ್ಲ. ಕೆನಡಾದ 1995ರ ಒಂದು ತೀರ್ಪಿನಲ್ಲಿ ಹೀಗೇ ಆಯಿತು. ಗಿರಾಕಿಯ ಮುಖದಲ್ಲಿ ಅಮಲಿನ ಸುಳಿವಿರಲಿಲ್ಲ, ಆದರೂ ಎಷ್ಟು ಕೊಟ್ಟಿದ್ದೇವೆ ಅನ್ನುವುದು ಬಾರಿನವರಿಗೆ ಗೊತ್ತಿತ್ತು, ಆದ್ದರಿಂದ ಅಮಲಾಗಿದೆ ಅಂತ ತಿಳಿಯಬೇಕಿತ್ತು ಎಂದಿತು ನ್ಯಾಯಾಲಯ. ಹಾಗಂದರೂ ಬಾರಿನ ಮೇಲೆ ಹೊಣೆ ಹೊರಿಸಲಿಲ್ಲ. ಟೇಬಲ್ಲಿನಲ್ಲಿ ಕುಡಿಯದೇ ಇದ್ದ ಇಬ್ಬರು ಜೊತೆಗಿದ್ದರು, ಅವರಲ್ಲೊಬ್ಬರು ಓಡಿಸುತ್ತಾರೆ ಅಂತ ನಂಬಿದ್ದು ತಪ್ಪಲ್ಲ ಎಂದಿತು. ನನಗೆ ಇದು ಹದವಾದ ತೀರ್ಪು ಅನ್ನಿಸುತ್ತದೆ.

ಈಗ ಯಾರ ಜೇಬಿನಿಂದ ಅನ್ನುವ ಪ್ರಶ್ನೆ. ಬೇಡ ಅನ್ನುವುದು ಯಾಕೆ ಕಷ್ಟ? ಆ ಗಿರಾಕಿ ಟಿಪ್ಸ್ ಕೊಡುತ್ತಾನೆ. ಗಲಾಟೆ ಮಾಡುತ್ತಾನೆ. 'ಓನರ್‌ನ ಕರಿ' ಅನ್ನುತ್ತಾನೆ. ಓನರ್ ಬಂದು 'ಯಾಕೋ ಅವರಿಗೆ ಕೊಡಲಿಲ್ಲ' ಅಂತ ನಿಮ್ಮನ್ನೇ ಕೇಳುತ್ತಾರೆ. ಒಂದಕ್ಕೆ ಒಂದು ಫ್ರೀ ಅಂತ ಬೋರ್ಡ್ ಹಾಕಿದ್ದು ಯಾರು? ರಾತ್ರಿ ಇಷ್ಟು ವ್ಯಾಪಾರ ಆಗಲೇಬೇಕು ಅಂತ ಗುರಿ ಇಟ್ಟವರು ಯಾರು? ಇಡೀ ಕೌಂಟರಿಗೆ ಒಬ್ಬನನ್ನೇ ನಿಲ್ಲಿಸಿದವರು ಯಾರು? ಎಷ್ಟು ಸುರಿಯಬೇಕು ಅನ್ನುವ ಒತ್ತಡ ಬರುವ ಕಡೆಯೇ ಹೊಣೆಯೂ ಹೋಗಬೇಕು. ಹೆಚ್ಚಿನ ಕಡೆ ಕೆಲಸದವನು ಕೆಲಸದ ಹೊತ್ತಿನಲ್ಲಿ ಮಾಡಿದ ತಪ್ಪಿಗೆ ಮಾಲೀಕರೇ ಪರಿಹಾರ ಕಟ್ಟಬೇಕು ಅನ್ನುವ ನಿಯಮ ಹೇಗೂ ಇದೆ. ವಿಮೆ ಮಾಡಿಸಲು ಆಗುವುದೂ ಅವರಿಗೇ. ನಿಮ್ಮ ಸಂಬಳದಿಂದ ಒಂದು ಕುಟುಂಬಕ್ಕೆ ಜೀವಮಾನದ ಪರಿಹಾರ ಹುಟ್ಟುವುದಿಲ್ಲ. ನಿಮ್ಮನ್ನು ಕಟಕಟೆಗೆ ಹತ್ತಿಸಿ ಮಾಲೀಕರು ಕೈತೊಳೆದುಕೊಂಡರೆ ಗಾಯಗೊಂಡವರಿಗೂ ಏನೂ ಸಿಗುವುದಿಲ್ಲ.

ನ್ಯೂಜೆರ್ಸಿ 1987ರಲ್ಲಿ ಮಾಡಿದ ಕಾನೂನು ಈ ವಿಷಯದಲ್ಲಿ ಗಮನಿಸುವಂಥದ್ದು. ಕಣ್ಣಿಗೆ ಕಾಣುವಂತೆ ಅಮಲೇರಿದವನಿಗೋ ವಯಸ್ಸಾಗದವನಿಗೋ ಕೊಟ್ಟರೆ ಬಾರು ಹೊಣೆ, ಆದರೆ ತನ್ನ ತಪ್ಪಿನ ಪಾಲಿನಷ್ಟು ಮಾತ್ರ. ಶೇ. 30 ತಪ್ಪು ಅಂತ ತೀರ್ಮಾನವಾದರೆ 30ರಷ್ಟೇ. ಓಡಿಸಿದವನ ಪಾಲನ್ನು ಬಾರಿನ ತಲೆಗೆ ಕಟ್ಟುವಂತಿಲ್ಲ.

ಜಪಾನ್ ಇನ್ನೂ ಮುಂದೆ ಹೋಗಿದೆ. 2006ರಲ್ಲಿ ಫುಕುವೊಕಾದಲ್ಲಿ ಕುಡಿದವನೊಬ್ಬ ಹಿಂದಿನಿಂದ ಗುದ್ದಿ, ಕಾರು ಸೇತುವೆಯಿಂದ ಸಮುದ್ರಕ್ಕೆ ಬಿದ್ದು ಮೂರು ಪುಟ್ಟ ಮಕ್ಕಳು ಸತ್ತವು. ಮರುವರ್ಷವೇ ಕಾನೂನು ಬಿಗಿಯಾಯಿತು. ಗಾಡಿ ಓಡಿಸುವ ಸಾಧ್ಯತೆ ಇರುವವನಿಗೆ ಮದ್ಯ ಕೊಟ್ಟು, ಅವನು ಪೂರ್ತಿ ಅಮಲಿನಲ್ಲಿ ಓಡಿಸಿದರೆ, ಕೊಟ್ಟವನಿಗೂ ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷ ಯೆನ್‌ವರೆಗೆ ದಂಡ. ಗೊತ್ತಿದ್ದೂ ಅವನ ಗಾಡಿಯಲ್ಲಿ ಡ್ರಾಪ್ ಕೇಳಿ ಕೂತವನಿಗೂ ಶಿಕ್ಷೆ. ಕೌಂಟರಿನ ಕೆಲಸದವನನ್ನು ಜೈಲಿಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಪರಿಹಾರದ ಹೊಣೆ, ಲೈಸೆನ್ಸ್ ರದ್ದು, ಇವೇ ಸಾಕು. ಇವು ಮಾಲೀಕರಿಗೆ ತಟ್ಟುತ್ತವೆ.

ಇದರಿಂದ ಜೀವ ಉಳಿಯುತ್ತದಾ? ಉಳಿಯುತ್ತದೆ. ಮಾರಿದವರ ಮೇಲೆ ಹೊಣೆ ಹೊರಿಸುವ ಕಾನೂನುಗಳ ಬಗ್ಗೆ ಅಮೆರಿಕದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಕುಡಿತಕ್ಕೆ ಸಂಬಂಧಿಸಿದ ರಸ್ತೆ ಸಾವುಗಳು ಮಧ್ಯಮ ಅಂದಾಜಿನಲ್ಲಿ ಶೇ. 6.4ರಷ್ಟು ಇಳಿದದ್ದು ಕಂಡುಬಂತು. ಆರು ಸಣ್ಣ ಸಂಖ್ಯೆ ಅನ್ನಿಸಬಹುದು. ವರ್ಷಕ್ಕೆ ಹದಿಮೂರು ಸಾವಿರ ಸಾಯುವ ಕಡೆ ಅದು ನೂರಾರು ಜೀವ. ತರಬೇತಿಯ ಫಲ ಇನ್ನೂ ಜೋರು. ಒರೆಗಾನ್ ರಾಜ್ಯ 1986ರಿಂದ ಮದ್ಯ ಬಡಿಸುವವರಿಗೆಲ್ಲ ತರಬೇತಿ ಕಡ್ಡಾಯ ಮಾಡಿತು. ಮೂರು ವರ್ಷ ಮುಗಿಯುವಷ್ಟರಲ್ಲಿ ರಾತ್ರಿ ಹೊತ್ತು ಒಂಟಿ ವಾಹನ ಗುದ್ದಿಕೊಳ್ಳುವ ಅಪಘಾತಗಳು ಶೇ. 23ರಷ್ಟು ಇಳಿದಿರಬೇಕು ಅಂತ ಸಂಶೋಧಕರು ಅಂದಾಜು ಮಾಡಿದರು. ಈ ಬಗೆಯ ಅಪಘಾತಗಳಲ್ಲೇ ಕುಡಿತದ ಪಾತ್ರ ಜಾಸ್ತಿ. ಟೆಕ್ಸಾಸ್ ಎರಡನ್ನೂ ಜೋಡಿಸಿದೆ: ಕೆಲಸದವರಿಗೆ ಮಾನ್ಯತೆ ಇರುವ ತರಬೇತಿ ಕಡ್ಡಾಯ ಮಾಡಿ, ಅವರು ಅದನ್ನು ನಿಜವಾಗಿ ಪಡೆದಿದ್ದು, ನಿಯಮ ಮುರಿಯಲು ತಾನೇ ಹುರಿದುಂಬಿಸದೆ ಇದ್ದ ಮಾಲೀಕನಿಗೆ ರಕ್ಷಣೆ ಸಿಗುತ್ತದೆ. ಇದರಲ್ಲಿ ತರಬೇತಿಗೆ ದುಡ್ಡು ಹಾಕುವುದು ಮಾಲೀಕನಿಗೇ ಲಾಭ.

ಕೊನೆಗೆ ನೀವು ಕೇಳಿದ 'ಮಾಡಬೇಕಾದ್ದೇನು'. ಮೊದಲ ಕೆಲಸ ಅಮಲೇರಿದ ಮೇಲಲ್ಲ, ಅದಕ್ಕೆ ಮುಂಚೆ. ಮೂರನೆಯದು ಕೊಡುವಾಗಲೇ 'ಸರ್, ಇವತ್ತು ಹೇಗೆ ಬಂದಿದ್ದೀರಿ?' ಅಂತ ಮಾತಿಗೆಳೆಯಿರಿ. ಆಗ ಉತ್ತರ ನಗುತ್ತಾ ಬರುತ್ತದೆ. ಏಳನೆಯದರ ಹೊತ್ತಿಗೆ ಜಗಳ ಬರುತ್ತದೆ. ಎಣಿಸಿ ಸುರಿಯಿರಿ, ಅಳತೆ ತಪ್ಪಿಸಬೇಡಿ. ಖಾಲಿ ಗ್ಲಾಸು ಕಂಡ ತಕ್ಷಣ ತುಂಬಿಸಲು ಓಡಬೇಡಿ. ನೀರು, ಊಟ ಮುಂದಿಡಿ. ಅದು ಅಮಲು ಇಳಿಸುವುದಿಲ್ಲ, ಮುಂದಿನದನ್ನು ತಡ ಮಾಡುತ್ತದೆ.

ನಿಲ್ಲಿಸಬೇಕಾಗಿ ಬಂದಾಗ ಎಲ್ಲರೆದುರು ಹೇಳಬೇಡಿ. ಪಕ್ಕಕ್ಕೆ ಬಾಗಿ ಮೆಲ್ಲಗೆ ಹೇಳಿ. 'ನೀವು ಜಾಸ್ತಿ ಕುಡಿದಿದ್ದೀರಿ' ಅಂದರೆ ಅವಮಾನವಾಗುತ್ತದೆ. 'ಇವತ್ತಿಗೆ ಇನ್ನು ನನಗೆ ಕೊಡಲು ಆಗುವುದಿಲ್ಲ ಸರ್' ಅನ್ನಿ. ಜೊತೆಗೆ ಬಂದವರಲ್ಲಿ ಕುಡಿಯದವರು ಇದ್ದರೆ ಅವರ ಕಿವಿಗೆ ಹಾಕಿ, ಸ್ನೇಹಿತನ ಮಾತು ನಿಮ್ಮ ಮಾತಿಗಿಂತ ಬೇಗ ನಾಟುತ್ತದೆ. ಕೀ ಕೇಳಿ, ಕಿತ್ತುಕೊಳ್ಳಬೇಡಿ. ಕೈಮೀರಿದರೆ ಪೆಟ್ಟು ತಿನ್ನುವವರು ನೀವು, ಕಾನೂನೂ ನಿಮ್ಮ ಪರ ಇರುವುದು ಅನುಮಾನ. ಕ್ಯಾಬ್ ಕರೆಸಿ. ಅದಕ್ಕೂ ಬಗ್ಗದೆ ಗಾಡಿ ಹತ್ತಿದರೆ ನಂಬರ್ ಬರೆದುಕೊಂಡು ಪೊಲೀಸರಿಗೆ ಫೋನ್ ಮಾಡಿ. ಗಿರಾಕಿಯನ್ನು ಹಿಡಿದುಕೊಟ್ಟೆ ಅಂತ ಹಿಂಜರಿಯಬೇಡಿ. ಅವನ ಜೀವವನ್ನೂ ನೀವು ಉಳಿಸುತ್ತಿರಬಹುದು.

ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾರಿಗೆ, ಎಷ್ಟು ಗಂಟೆಗೆ ನಿಲ್ಲಿಸಿದಿರಿ, ಏನು ಹೇಳಿದಿರಿ, ಯಾರು ಜೊತೆಗಿದ್ದರು, ಕ್ಯಾಬ್ ಕರೆದಿರಾ, ಎರಡೇ ಸಾಲು ಸಾಕು. ಮುಂದೆ ಯಾರಾದರೂ ಕೇಳಿದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದು. ನಿಮ್ಮ ಮಾಲೀಕರಿಂದ ಒಂದು ವಾಕ್ಯವನ್ನು ಬರಹದಲ್ಲಿ ಕೇಳಿ ಪಡೆಯಿರಿ: ಅಮಲೇರಿದವರಿಗೆ ಕೊಡದೇ ಇದ್ದದ್ದಕ್ಕೆ ಯಾವ ಕೆಲಸದವರಿಗೂ ತೊಂದರೆ ಕೊಡುವುದಿಲ್ಲ ಅಂತ. ಬರೆದುಕೊಡಲು ಹಿಂದೇಟು ಹಾಕಿದರೆ, ಅವರು ಹಿಂದೇಟು ಹಾಕಿದ ದಿನವನ್ನೂ ಅದೇ ನೋಟ್‌ಬುಕ್‌ನಲ್ಲಿ ಬರೆದಿಡಿ.